‘ಬಾ’ ಎನ್ನಲಿಲ್ಲ

ಲೋಕಿ, ಆ ದಿನ ನೀನು ನನಗೆ ಕಾಣುತ್ತಿದ್ದೆ. ಕಣ್ಣಿಗೆ ಹೆಡ್‌ಸೆಟ್ ಇತ್ತು, ಆಟ ನಡೆಯುತ್ತಿತ್ತು, ಆದರೂ ಕಾಣುತ್ತಿದ್ದೆ — ಚೌಕಳಿ ಅಂಗಿ, ಹಣೆಯಲ್ಲಿ ನಿಮ್ಮಮ್ಮ ಹಚ್ಚಿ ಕಳಿಸಿದ್ದ ವಿಭೂತಿ, ಎಲ್ಲ. ಕಂಡೇ ಹೊಡೆದೆ. ‘ಕಾಣಲಿಲ್ಲ’ ಎಂದು ನಿನಗೂ, ನಿಮ್ಮಮ್ಮನಿಗೂ, ಆಸ್ಪತ್ರೆಗೆ ಬಂದ ಪೊಲೀಸರಿಗೂ ಹೇಳಿದ್ದು ಸುಳ್ಳು.

ನಿನಗೆ ಗೊತ್ತಿರುವುದನ್ನೇ ಬಿಡಿಸಿ ಬರೆಯುತ್ತೇನೆ. ಬೇರೆ ಯಾರ ಕೈಗಾದರೂ ಇದು ಸಿಕ್ಕರೆ, ಅವರು ನನ್ನ ಪರ ವಹಿಸಿಕೊಳ್ಳಬಾರದು. ಸಾರಕ್ಕಿ ಸಿಗ್ನಲ್ ಹತ್ತಿರ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ನಾವಿಬ್ಬರೂ ಕಂಪನಿ ಎಂದುಕೊಂಡು ಕೂತಿದ್ದೆವು. ವಿಆರ್ ಹೆಡ್‌ಸೆಟ್ ಹಾಕಿಕೊಂಡವನಿಗೆ ಸುತ್ತಲಿನವರು ಕಾಣುವುದಿಲ್ಲ. ಸ್ವಂತ ಮಗು ಕಾಲಿಗೆ ಸಿಕ್ಕರೂ ತಿಳಿಯುವುದಿಲ್ಲ. ಯಾರಾದರೂ ಹತ್ತಿರ ಬಂದರೆ ಅವರನ್ನು ಆಟದ ನಡುವೆಯೇ ತೋರಿಸುವುದು ನಮ್ಮ ಸಾಫ್ಟ್‌ವೇರಿನ ಕೆಲಸ. ಬರೆದವನು ನೀನು, ಪರೀಕ್ಷಿಸುವವನು ನಾನು. ನಾನು ಬಾಕ್ಸಿಂಗ್ ಆಡುತ್ತಿರಬೇಕು, ನೀನು ಸದ್ದಿಲ್ಲದೆ ನನ್ನ ಕಡೆ ನಡೆದು ಬರಬೇಕು. ನೀನು ಕಂಡ ಕೂಡಲೇ ನಾನು ಕೈ ಇಳಿಸಿ ‘ಬಾ’ ಎನ್ನಬೇಕು. ನಾನು ‘ಬಾ’ ಎನ್ನದಿದ್ದರೆ ನೀನಿನ್ನೂ ನನಗೆ ಕಂಡಿಲ್ಲ ಎಂದರ್ಥ. ಆಗ ನೀನು ಇನ್ನೊಂದು ಹೆಜ್ಜೆ ಹತ್ತಿರ ಬರಬೇಕು. ಗುದ್ದುತ್ತಿರುವವನ ಹತ್ತಿರಕ್ಕೆ ಹೋಗುವ ಇಂಥ ಹುಚ್ಚು ನಿಯಮವನ್ನು ಬೇರೆ ಯಾರೂ ಮಾಡಿಕೊಳ್ಳುತ್ತಿರಲಿಲ್ಲ. ನಿನಗೆ ನನ್ನ ಮೇಲೆ ಅಷ್ಟು ನಂಬಿಕೆ.

ಆ ಬೆಳಿಗ್ಗೆ ಬಂಡವಾಳ ಹಾಕಲು ಬಂದಿದ್ದ ಹಿರಿಯರು, ಇಬ್ಬರಲ್ಲಿ ಯಾರ ಕೆಲಸ ಏನು ಎಂದು ಕೇಳಿದರು. ನೀನು ನನ್ನ ಬೆನ್ನು ತಟ್ಟಿ ಹೇಳಿದೆ: “ಇವ್ನು ಗುದ್ದೋಕ್ ಮಾತ್ರ ಸಾರ್. ತಲೆ ಎಲ್ಲಾ ನಂದೇ.”

ಅವರು ನಕ್ಕರು, ನಾನೂ ನಕ್ಕೆ. ಒಳಗೆ ಮೈಯೆಲ್ಲ ಉರಿದುಹೋಗಿತ್ತು. ನನ್ನ ಸಿಟ್ಟು ನಿನಗೆ ಗೊತ್ತೇ ಇತ್ತಲ್ಲ — ಬೈಕಿನ ಕನ್ನಡಿಗೆ ತಾಗಿಸಿದನೆಂದು ಒಬ್ಬ ಸ್ಕೂಟರಿನವನನ್ನು ಕೊರಳಪಟ್ಟಿ ಹಿಡಿದು ರಸ್ತೆಗೆ ಕೆಡವಿದವನು ನಾನು. ಆಗ ನನ್ನನ್ನು ಹಿಡಿದೆಳೆದವನು ನೀನು. ಅವತ್ತು ಹಿಡಿದೆಳೆಯುವವನೇ ಎದುರಿಗೆ ಬಂದ.

ಊಟವಾದ ಮೇಲೆ ಪರೀಕ್ಷೆಗೆ ನಿಂತೆವು. ಆಟದೊಳಗಿನ ಎದುರಾಳಿಯ ಪಕ್ಕದಲ್ಲಿ ನೀನು ಮೂಡಿದೆ — ಇಷ್ಟು ಚೆನ್ನಾಗಿ ಹಿಂದೆಂದೂ ಕಂಡಿರಲಿಲ್ಲ. ‘ಬಾ’ ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ. ನೀನು ತಲೆ ಓರೆ ಮಾಡಿ ನೋಡಿ, ನಿಯಮದಂತೆ ಇನ್ನೊಂದು ಹೆಜ್ಜೆ ಇಟ್ಟೆ. ಕೈಯಲ್ಲಿದ್ದ ಕಂಟ್ರೋಲರ್ ಸಮೇತ ನಿನ್ನ ಎಡಗಣ್ಣಿಗೆ ಗುದ್ದಿದೆ. ಏನೋ ಮೆತ್ತಗೆ ಕುಸಿದದ್ದು ಮುಷ್ಟಿಗೆ ತಿಳಿಯಿತು. ಬಾಯಿಗೆ ಹೊಡೆದೆ, ಹಲ್ಲು ತಾಗಿ ನನ್ನ ಗೆಣ್ಣು ಸೀಳಿತು.

“ಮಗಾ, ನಾನ್ ಕಣೋ,” ಎಂದೆ ನೀನು.

ಆಟದ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಆಮೇಲೆ ಹೇಳಿದೆನಲ್ಲ, ಕೇಳಿಸಿತ್ತು. ಕೇಳಿಸಿದ ಮೇಲೂ ಹೊಡೆದೆ. ಹೊಡೆಯುವಾಗ ಹಿತವಾಗಿತ್ತು — ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ನೀನು ಮೇಜಿಗೆ ಬಡಿದು ಬಿದ್ದ ಮೇಲೆ ಹೆಡ್‌ಸೆಟ್ ಕಿತ್ತೆಸೆದು “ಅಯ್ಯೋ, ಕಾಣ್ಲಿಲ್ಲ ಕಣೋ” ಎಂದು ಅತ್ತೆ. ಅಳು ಮಾತ್ರ ನಿಜ. ಆಸ್ಪತ್ರೆಯಲ್ಲಿ ನಿನ್ನನ್ನು ಒಳಗೆ ಕರೆದೊಯ್ದಾಗ ಹೊರಗಿನ ಬೆಂಚಿನಲ್ಲಿ ಕೂತು ಹೆಡ್‌ಸೆಟ್ಟಿನಲ್ಲಿ ನನಗೆ ಕಂಡದ್ದೆಲ್ಲ ದಾಖಲಾಗಿದ್ದ ಆ ಪರೀಕ್ಷೆಯ ರೆಕಾರ್ಡಿಂಗನ್ನು ಮೊಬೈಲಿನಿಂದಲೇ ಅಳಿಸಿದೆ. ಮೊಬೈಲಿನ ಗಾಜಿಗೆ ನಿನ್ನ ರಕ್ತ ಅಂಟಿತ್ತು, ಪ್ಯಾಂಟಿಗೆ ಒರೆಸಿಕೊಂಡೆ.

ಕಣ್ಣು ಹೋಯಿತು. ಆದರೆ ಅದಕ್ಕಿಂತ ನನ್ನನ್ನು ತಿನ್ನುವುದು ಬೇರೆ. ಕಟ್ಟು ಹಾಕಿದ ಮುಖದಲ್ಲಿ ನೀನು ನನಗೇ ಸಮಾಧಾನ ಹೇಳಿದೆ: “ಬೇಜಾರ್ ಮಾಡ್ಕೋಬೇಡ ಮಗಾ. ನನ್ ಕೋಡ್‌ದೇ ತಪ್ಪು.”

ಇಲ್ಲದ ಆ ತಪ್ಪನ್ನು ನೀನು ಒಂದೇ ಕಣ್ಣಿನಲ್ಲಿ ತಿಂಗಳುಗಟ್ಟಲೆ ಹುಡುಕಿದೆ. ನಾನು ಪಕ್ಕದಲ್ಲೇ ಕೂತು ಹುಡುಕುವವನಂತೆ ನಟಿಸಿದೆ. ಕೊನೆಗೆ ನೀನು, ‘ನನ್ನ ಕಣ್ಣನ್ನೇ ಕಾಯದ ಸಾಫ್ಟ್‌ವೇರ್ ಇನ್ನೊಬ್ಬರ ಮನೆಗೆ ಹೋಗುವುದು ಬೇಡ’ ಎಂದು ಎಲ್ಲ ಮುಚ್ಚಿ, ಕುಮಾರಸ್ವಾಮಿ ಲೇಔಟಿನಲ್ಲಿ ನಿಮ್ಮ ಮಾವನ ಪಾತ್ರೆ ಅಂಗಡಿಯಲ್ಲಿ ಕೂತೆ. ನಿಮ್ಮಮ್ಮ ಈಗಲೂ ನನಗೆ ರೊಟ್ಟಿ ಬಡಿಸಿ, “ಪಾಪ, ನೀನೇನ್ ಬೇಕಂತ ಮಾಡಿದ್ಯಾ,” ಎನ್ನುತ್ತಾರೆ. ನಾನು ತಿನ್ನುತ್ತೇನೆ. ತಿನ್ನುವಾಗ ನಿನ್ನ ಎಡಗಡೆ ಕೂರುತ್ತೇನೆ, ಅಲ್ಲಿ ನಿನಗೆ ನನ್ನ ಮುಖ ಕಾಣುವುದಿಲ್ಲ. ನೀನು ಅದನ್ನು ಗಮನಿಸಿದ್ದೀಯೋ ಏನೋ.

ನಿನ್ನ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ. ಈ ಮಾತನ್ನು ಬರೆದು ಕಳಿಸಿದರೆ ಸಾಲದು. ನಾಳೆ ಅಂಗಡಿಗೆ ಬರುತ್ತೇನೆ. ಬಲಗಡೆ, ನಿನ್ನ ಕಣ್ಣಿಗೆ ಬೀಳುವ ಕಡೆ, ಕೈ ಇಳಿಸಿ ಹೊಸ್ತಿಲಾಚೆ ನಿಂತು ಎಲ್ಲ ಹೇಳುತ್ತೇನೆ. ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ. ನೀನು ‘ಬಾ’ ಎನ್ನದಿದ್ದರೆ ಒಂದು ಹೆಜ್ಜೆಯೂ ಹತ್ತಿರ ಬರುವುದಿಲ್ಲ.