ಅಣ್ಣ ಕೊಡಿಸಿದ ದೋಣಿ ಪ್ರಯಾಣ

ಅಂಗಡಿ ಟೀ ದುಬಾರಿ ಅಂತ ಮನೆಗೆ ಹೋಗಿ ಕುಡಿಯುವ ಜಾತಿಯವನು ನನ್ನಣ್ಣ. ಅಂಥವನು ಒಂದು ದಿನ ಚಳ್ಳಕೆರೆಯ ನನ್ನ ಟೈಲರಿಂಗ್ ಅಂಗಡಿಗೆ ಬಂದು, "ಅವ್ವನ್ನ ಕರ್ಕಂಡು ಕೇರಳ ನೋಡ್ಕಂಡು ಬಾರೇ. ಬಸ್ಸಿಗೆ, ದೋಣಿಗೆ ಎಲ್ಲಾ ನಾನೇ ದುಡ್ಡು ಕಟ್ಟೀನಿ" ಅಂದ. ನಾನು ಹೊಲಿಗೆ ಮಿಷನ್ ನಿಲ್ಲಿಸಿ ಅವನ ಮುಖ ನೋಡಿದೆ.

"ನೀನು ಬರಲ್ವಾ?"

"ನಂಗೆ ಕೆಲಸ ಐತೆ."

"ಏನು ಕೆಲಸ?"

"ಐತೆ ಬಿಡೇ."

ನನ್ನದು ಅನುಮಾನದ ಜೀವ, ಒಪ್ಪಿಕೊಳ್ಳುತ್ತೇನೆ. ಎಣ್ಣೆ ಗಿರಣಿಗಳ ಊರಲ್ಲೇ ಇದ್ದರೂ ಶೇಂಗಾ ಎಣ್ಣೆಯನ್ನು ಅಂಗೈಗೆ ಬಿಟ್ಟುಕೊಂಡು ಮೂಸದೆ ಕೊಂಡವಳಲ್ಲ. ಅಣ್ಣನ ಆ "ಬಿಡೇ" ಅನ್ನುವ ಮಾತು ಎಣ್ಣೆಗಿಂತ ಜೋರಾಗಿ ವಾಸನೆ ಹೊಡೆಯಿತು.

ಕಾರಣವಿತ್ತು. ಅವ್ವ, ಅಣ್ಣ ಇರುವ ಮೊಳಕಾಲ್ಮುರುವಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವನ ಗುಂಡಿ ಮಗ್ಗ ಇತ್ತು. ನೆಲದಲ್ಲಿ ತೊಡೆಯಾಳದ ಗುಂಡಿ. ಅದರ ಅಂಚಿಗೆ ಕೂತು, ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುವುದು. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದ್ದು ಆ ಗುಂಡಿಯೇ. ನಾನು ಅದರ ಪಕ್ಕದಲ್ಲಿ ಕೂತು ಎಳೆಗಳ ನಡುವೆ ಅತ್ತಿಂದಿತ್ತ ಓಡುವ ಲಾಳಿಗೆ ನೂಲು ಸುತ್ತಿಕೊಡುತ್ತಾ ದೊಡ್ಡವಳಾದೆ. ಈ ಸಲದ ಯುಗಾದಿ ಹಬ್ಬದ ದಿನ ಅಣ್ಣ ಟೇಪು ಹಿಡಿದು ಪಡಸಾಲೆ ಅಳೆಯುತ್ತಿದ್ದ. ಗುಂಡಿ ಮುಚ್ಚಿಸಿ ಬಂಡೆ ಹಾಸಿದರೆ ಜೆರಾಕ್ಸ್ ಅಂಗಡಿ ಇಡಬಹುದು ಅಂದ. "ಮುಚ್ಚೋ ಹಂಗಿದ್ರೆ ನನ್ನೂ ಅದ್ರಾಗೆ ಕೂರ್ಸಿ ಮುಚ್ಚು" ಅಂತ ಹಬ್ಬದೂಟ ಬಿಟ್ಟು ಚಳ್ಳಕೆರೆ ಬಸ್ಸು ಹತ್ತಿದ್ದೆ. ಅವ್ವ ಮಾತ್ರ ಏನೂ ಮಾತಾಡಿರಲಿಲ್ಲ.

ಈಗ ಅದೇ ಅಣ್ಣ ನಮ್ಮಿಬ್ಬರನ್ನೂ ಒಟ್ಟಿಗೆ ಊರು ಬಿಡಿಸುತ್ತಿದ್ದಾನೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆಲ್ಲ ಕಾಣದೇ?

ಬೇಡ ಅನ್ನೋಣ ಅಂದುಕೊಂಡೆ. ಆದರೆ ಅವ್ವ ಆಗಲೇ ಒಪ್ಪಿಬಿಟ್ಟಿದ್ದಳು. ಪಕ್ಕದ ರಾಂಪುರದಿಂದ ಹೊರಡುವ ಯಾತ್ರೆ ಬಸ್ಸು ಹಿಡಿಯಲು ನಾನು ಮನೆಗೆ ಹೋದ ಬೆಳಿಗ್ಗೆ, ಅವಳು ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಕೂತಿದ್ದಳು. ಆಯುಧಪೂಜೆಯಲ್ಲ, ಅಮಾವಾಸ್ಯೆಯೂ ಅಲ್ಲ.

"ಇದೇನವ್ವಾ?"

"ದೂರ ಹೋಗ್ತಿದೀವಲ್ಲ" ಅಂದಳು. ಅವಳ ಚೀಲ ಎತ್ತಿಕೊಳ್ಳಲು ಹೋದರೆ ಕೊಡಲಿಲ್ಲ. ಮಂಡಿನೋವಿನ ಹೆಂಗಸು, ಬಸ್ಸಿನ ಮೆಟ್ಟಿಲನ್ನೂ ಚೀಲ ಅವುಚಿಕೊಂಡೇ ಹತ್ತಿದಳು.

ಗುರುವಾಯೂರು ಮುಗಿಸಿ ಮಾರನೇ ದಿನ ಕೊಚ್ಚಿಯ ಕಡೆಯ ಹಿನ್ನೀರಿಗೆ ಕರೆದುಕೊಂಡು ಹೋದರು. ಕೈಕಸುಬಿಗೆ ಹೆಸರಾದ ಎರಡು ದ್ವೀಪ ತೋರಿಸಿ ಸಂಜೆಗೆ ವಾಪಸು. ನಮ್ಮ ಸೀಮೆಯಲ್ಲಿ ಕೆರೆಯೇ ಬೇಸಿಗೆಗೆ ಮೈದಾನವಾಗುತ್ತದೆ. ಅಷ್ಟು ನೀರು ನೋಡಿ ನಮ್ಮ ಬಸ್ಸಿನವರೆಲ್ಲ ಬಾಯಿ ಬಿಟ್ಟರು. ನಾನು ಮಾತ್ರ ಫೋನು ನೋಡುತ್ತಿದ್ದೆ. ಎರಡು ಸಲ ಅಣ್ಣನಿಗೆ ಮಾಡಿದೆ, ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವನ ಫೋನು ಹೊಡೆದುಕೊಂಡಿತು. ಅವಳು ದೋಣಿಯ ತುದಿಗೆ ಸರಿದು, ಸೆರಗು ಬಾಯಿಗೆ ಅಡ್ಡ ಹಿಡಿದು ತೆಲುಗಿನಲ್ಲಿ ಏನೋ ಪಿಸುಗುಟ್ಟಿದಳು. ಮನೆಯಲ್ಲಿ ಕನ್ನಡದ ಜೊತೆಗೆ ನಾವೆಲ್ಲ ಆಡುವ ಭಾಷೆ ಅದು. ಆದರೂ ಇಂಜಿನ್ನಿನ ಸದ್ದಿಗೆ ಒಂದಕ್ಷರ ತಿಳಿಯಲಿಲ್ಲ.

"ಯಾರು?"

"ನಿಮ್ಮಣ್ಣ. ಊಟ ಆಯ್ತಾ ಅಂತ ಕೇಳ್ದ."

ಹತ್ತೂವರೆಗೆ ಎಂಥ ಊಟ!

ಮೊದಲ ದ್ವೀಪದಲ್ಲಿ ತೆಂಗಿನ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಇಬ್ಬರು ಹೆಂಗಸರು ಸೊಂಟಕ್ಕೆ ನಾರು ಕಟ್ಟಿಕೊಂಡು, ತಿರುಗುವ ರಾಟೆಯಿಂದ ಹಿಂದಹಿಂದಕ್ಕೆ ನಡೆಯುತ್ತಾ ಹೊಸೆಯುವುದು. ನಮ್ಮ ದೋಣಿ ಕಂಡ ಮೇಲಷ್ಟೇ ತೋರಿಕೆಗೆ ಎದ್ದು ರಾಟೆ ಹಿಡಿದರೇನೋ ಅಂತ ಅವರ ಮೇಲೂ ನನಗೆ ಗುಮಾನಿ. ಅವ್ವನಿಗೆ ಹೇಳಿದೆ. "ಅನುಮಾನಂ ಪೆನುಭೂತಂ" ಅಂದಳು. ಅನುಮಾನವೇ ದೊಡ್ಡ ದೆವ್ವ ಅಂತ. ನನಗೆ ಉರಿದುಹೋಯಿತು.

ಎರಡನೇ ದ್ವೀಪದಲ್ಲಿ ಪಂಚೆ ನೇಯುವ ಮನೆ. ಲಾಳಿಯ ಸದ್ದು ದಡಕ್ಕೇ ಕೇಳಿಸಿತು. ಅವ್ವನ ನಡಿಗೆ ಚುರುಕಾಯಿತು, ಮಂಡಿನೋವು ಎಲ್ಲಿ ಹೋಯಿತೋ. ನೇಯುತ್ತಿದ್ದ ಹೆಂಗಸು ಅವ್ವನ ನೋಟ ಕಂಡೇ ಎದ್ದು ಜಾಗ ಬಿಟ್ಟಳು. ಒಬ್ಬರ ಮಾತು ಒಬ್ಬರಿಗೆ ಬರದು. ಅವ್ವ ಹಲಗೆಯ ಮೇಲೆ ಕೂತು ನಾಲ್ಕು ಎಳೆ ನೇಯ್ದಳು. ಕೈ ಸಲೀಸಾಗಿ ಓಡಿತು. ಕಾಲು ಮಾತ್ರ ತಡವರಿಸಿತು. ಆ ಮಗ್ಗ ಪೂರ್ತಿ ನೆಲದ ಮೇಲೆ ನಿಂತಿತ್ತು.

"ಇವ್ರಿಗೆ ಗುಂಡಿ ಇಲ್ಲ ನೋಡೇ" ಅಂದಳು. "ಬೇಕಾದಾಗ ಎದ್ದು ಹೋಗ್ಬೋದು."

ಅದನ್ನು ಯಾಕೆ ಅಂದಳೆಂದು ಆಗ ಹೊಳೆಯಲಿಲ್ಲ. ದೋಣಿ ಹತ್ತಿ ಕೂರುವುದರೊಳಗೆ ನನಗೆ ಫೋನು ಬಂತು. ಮೊಳಕಾಲ್ಮುರುವಿನ ಎದುರುಮನೆಯ ಮೆಕ್ಯಾನಿಕ್‌ನ ಹೆಂಡತಿ.

"ಅಕ್ಕಾ, ನಿಮ್ಮನೆ ಮುಂದೆ ಟ್ರ್ಯಾಕ್ಟ್ರು ಬಂದೈತೆ ನೋಡ್ರಿ. ಮಣ್ಣು ಸುರೀತಾವ್ರೆ. ಏನಾರ ಕಟ್ಟಿಸ್ತೀರಾ?"

ತಕ್ಷಣ ಅಣ್ಣನಿಗೆ ಫೋನು ಹಚ್ಚಿದೆ. ಈ ಸಲ ಎತ್ತಿದ. ದೋಣಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಬೈದೆ. "ಥೂ, ಹೆತ್ತವ್ವನ್ನ ನೀರ್ಮ್ಯಾಲೆ ಕಳ್ಸಿ ಅವಳ ಮಗ್ಗಕ್ಕೆ ಮಣ್ಣು ಹಾಕ್ತಿದೀಯಲ್ಲ, ನಿನ್ನ ಜೆರಾಕ್ಸ್ ಅಂಗಡಿಗೆ ಬೆಂಕಿ ಬೀಳ! ನಿನ್ನ ಹೊಟ್ಟೆ ತುಂಬಿಸಿದ ಗುಂಡಿ ಕಣೋ ಅದು!"

ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ಅವ್ವನ್ನೇ ಕೇಳು" ಅಂದ.

ತಿರುಗಿ ನೋಡಿದೆ. ಅವ್ವ ನೀರು ನೋಡುತ್ತಿದ್ದಳು.

"ನಾನೇ ಹೇಳಿದ್ದು ಕಣೇ. ದೂರ ಎಲ್ಲಾದ್ರೂ ಕಳ್ಸು, ನಾವಿಲ್ದಾಗ ಮುಚ್ಚಿಸು ಅಂತ."

ನಾನು ಫೋನನ್ನು ಕಿವಿಯಿಂದ ಇಳಿಸಿದೆ.

"ಯುಗಾದಿ ಕಳ್ದು ಆಷಾಢದಾಗೆ ಒಂದಿನ ನೇಯಾಕೆ ಕೂತೆ. ಏಳಾಕಾಗ್ಲಿಲ್ಲ. ಕಾಲು ಕಲ್ಲಾಗಿತ್ತು. ಕೂಗಾಕೂ ನಾಚ್ಕೆ. ನಿಮ್ಮಣ್ಣ ಬಂದು ಎತ್ತೋತನಕ ಅಲ್ಲೇ ಇದ್ದೆ, ಉಟ್ಟ ಸೀರೇಲೇ ಒದ್ದೆ ಮಾಡ್ಕಂಡು." ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಅವತ್ತಿಂದ ಅದ್ರ ಮುಂದೆ ಓಡಾಡಾಕೆ ಭಯ. ನೋಡಿದ್ರೆ ಕೂರ್ಬೇಕು ಅನ್ನಿಸ್ತೈತೆ. ಕೂತ್ರೆ ಏಳಾಕಾಗಲ್ಲ."

"ನಂಗ್ಯಾಕೆ ಹೇಳ್ಲಿಲ್ಲವ್ವಾ?"

"ಹೇಳಿದ್ರೆ ನೀನು ಬಂದು ಗುಂಡಿಯಾಗೆ ಕೂತ್ಕಂತಿದ್ದೆ. ನಿನ್ನ ನೋಡಿ ನಾನೂ ಇಳೀತಿದ್ದೆ."

ಹೌದು, ಹಾಗೇ ಮಾಡುತ್ತಿದ್ದೆ.

ಫೋನಿನಲ್ಲಿ ಅಣ್ಣ ಇನ್ನೂ ಇದ್ದ, ಸ್ಪೀಕರಿಗೆ ಹಾಕಿದೆ. "ಅವ್ವಾ, ಮಣ್ಣು ಹೊರಗೇ ಐತೆ. ಒಳಗೆ ಒಂದು ಬುಟ್ಟೀನೂ ಹಾಕಿಲ್ಲ. ಬ್ಯಾಡ ಅಂದ್ರೆ ಈಗ್ಲೇ ವಾಪಸ್ ಕಳಿಸ್ತೀನಿ."

ಬೇಡ ಅನ್ನು, ಬೇಡ ಅನ್ನು ಅಂತ ನಾನು ಅವ್ವನ ತೋಳು ಹಿಡಿದು ಅಲ್ಲಾಡಿಸಿದೆ. ಅವಳು ಫೋನು ತೆಗೆದುಕೊಂಡಳು.

"ಹಾಕ್ಸು. ಹಾಕಿ ನೀರು ಬಿಟ್ಟು ಮಣ್ಣು ಗಟ್ಟಿಯಾಗೋ ಹಂಗೆ ದಿಮ್ಮಸು ಹೊಡೆಸು. ಇಲ್ದಿದ್ರೆ ಮಳೆಗಾಲಕ್ಕೆ ಕುಸೀತೈತೆ."

ಫೋನು ನನ್ನ ಕೈಗೆ ಕೊಟ್ಟು, ಮಡಿಲಲ್ಲಿದ್ದ ಚೀಲದ ಜಿಪ್ಪು ಎಳೆದಳು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಅವಳ ಲಾಳಿ. "ಇದು ಮಣ್ಣಾಗೆ ಹೋಗ್ಬಾರ್ದಲ್ಲ" ಅಂದಳು. ದಡ ಬರುವ ತನಕ ಅದನ್ನು ನಾನೇ ಹಿಡಿದುಕೊಂಡಿದ್ದೆ.

ಊರು ಸೇರಿದಾಗ ಪಡಸಾಲೆಯ ನೆಲ ಸಮನಾಗಿತ್ತು. ಗುಂಡಿ ಇದ್ದಲ್ಲಿ ಹಸಿ ಮಣ್ಣಿನ ಚೌಕ, ಗೋಡೆಗೆ ಒರಗಿಸಿಟ್ಟ ಮಗ್ಗದ ಮರಗಳು. ಎಲ್ಲಿ ಬೇಕಾದರೂ ಕಾಲಿಡಬಹುದಿತ್ತು. ಅವ್ವ ಮಾತ್ರ ಗುಂಡಿ ಇದ್ದಾಗಿನಂತೆಯೇ ಗೋಡೆ ಹಿಡಿದು, ಚೌಕವನ್ನು ಸುತ್ತಿ ಬಳಸಿಕೊಂಡು ಒಳಗೆ ಹೋದಳು.

ನಾನು ಹೊಸ್ತಿಲಲ್ಲೇ ನಿಂತಿದ್ದೆ. ಅಡುಗೆಮನೆಯಿಂದ ಅಣ್ಣ ನೀರಿನ ಚೊಂಬು ಹಿಡಿದು ಬಂದ. ದೋಣಿಯಲ್ಲಿ ಬೈದ ಬೈಗುಳವೆಲ್ಲ ನೆನಪಾಗಿ ಅವನ ಮುಖ ನೋಡಲಾಗಲಿಲ್ಲ. ಅವನ ಕಾಲು ನೋಡಿದೆ. ಅವನೂ ಗೋಡೆ ಹಿಡಿದೇ ಬರುತ್ತಿದ್ದ.

"ಬೈದಿದ್ದು ಮುಗೀತಾ? ಕಾಲು ತೊಳ್ಕಂಡು ಬಾ, ಊಟ ಮಾಡು" ಅಂದ. ನನಗೆ ಅಳು ತಡೆಯಲಾಗಲಿಲ್ಲ.