ಡೊಂಬಿವಲಿಯವರಿಗೇಕೆ ಹೀಟರ್?

ಮುಂಬಯಿಯ ಮಗ್ಗುಲಲ್ಲಿ ನಾನಿರುವ ಡೊಂಬಿವಲಿಯಲ್ಲಿ ಫ್ಯಾನು ಕೆಟ್ಟರೆ ನೆರೆಹೊರೆಯೆಲ್ಲ ಸಂತಾಪ ಸೂಚಿಸುತ್ತದೆ. ಗಾಡಿಯ ಹೀಟರ್ ಕೆಟ್ಟಿದೆಯೆಂದರೆ ಮಾತ್ರ, ಸ್ವಾಮೀ, ಕೆಟ್ಟಿರುವುದು ನಿಮ್ಮ ತಲೆಯೇ ಎಂಬಂತೆ ನೋಡುತ್ತಾರೆ. ಬೆವರನ್ನೇ ಪನ್ನೀರೆಂದು ಸ್ವೀಕರಿಸಿರುವ ಈ ಸೀಮೆಯಲ್ಲಿ ಬಿಸಿಗಾಳಿಗಾಗಿ ಹಟ ಹಿಡಿದವಳು ನನ್ನ ಅಕ್ಕ ಸುಮತಿ ಒಬ್ಬಳೇ ಇರಬೇಕು.

ಇದೇ ಸೀಮೆಯ ಕಾಮೋಠೆಯಲ್ಲಿ ತನ್ನ ಮನೆಯಲ್ಲೇ ಅಡುಗೆ ಮಾಡಿ ಕಚೇರಿಗಳಿಗೆ ಊಟ ಒದಗಿಸುತ್ತಿದ್ದ ಅವಳು ಹಳೆಯ ಪಿಕಪ್ಪೊಂದನ್ನು ಕೊಂಡು ತಾನೇ ಓಡಿಸುತ್ತಿದ್ದಳು. ಮಳೆಗಾಲದಲ್ಲಿ ಗಾಜಿನ ಒಳಮೈಗೆ ಕವಿಯುವ ಮಬ್ಬನ್ನು ಹೀಟರಿನ ಬಿಸಿಗಾಳಿ ಕಳೆಯಬೇಕು; ಎಂಜಿನ್ನಿನ ಬಿಸಿನೀರಿನಿಂದ ನಡೆಯುವ ಇವಳ ಹೀಟರೋ ಒಳಗೇ ಸೋರಿ, ಅಂಟಂಟು ಹಬೆಯನ್ನು ಗಾಜಿಗೆ ಬಳಿಯುತ್ತಿತ್ತು. ಒಂದು ಬೆಳಿಗ್ಗೆ, ರಸ್ತೆ ದಾಟುತ್ತಿದ್ದ ಮುದುಕಿಯೊಬ್ಬಳು ಅಕ್ಕನಿಗೆ ಕಂಡದ್ದು ಬಂಪರಿನ ಎದುರಿಗೆ ಬಂದ ಮೇಲೆಯೇ. ಪುಣ್ಯಕ್ಕೆ ಬ್ರೇಕು ಹಿಡಿಯಿತು, ಸಾಂಬಾರು ಮಾತ್ರ ಚೆಲ್ಲಿತು. ಮುದುಕಿ ಮರಾಠಿಯಲ್ಲಿ ಶಪಿಸುತ್ತ ಹೋದಳು. ಹೀಟರ್ ರಿಪೇರಿ ಮಾಡಿಸಲೇಬೇಕೆಂದು ಅಕ್ಕ ಅಂದೇ ನನಗೆ ಫೋನು ಮಾಡಿದಳು.

ವಿಠ್ಠಲವಾಡಿಯಲ್ಲಿ ನನಗೆ ಪರಿಚಯವಿದ್ದ ಮೆಕ್ಯಾನಿಕ್ಕನ ಬಳಿಗೆ ಇಬ್ಬರೂ ಹೋದೆವು.

"ಹೀಟರ್ ನಿಕಾಲ್ ದೇತಾ ಹೂಂ, ದೀದಿ. ಇಧರ್ ಕಿಸ್‌ಕೋ ಚಾಹಿಯೆ?" ಎಂದನವನು; ಇಲ್ಲಿ ಯಾರಿಗೂ ಬೇಡದ ಹೀಟರನ್ನು ಕಿತ್ತೇ ಹಾಕುವ ಉತ್ಸಾಹ ಅವನದು.

"ಮೇರೇಕೋ ಚಾಹಿಯೆ," ತನಗೆ ಬೇಕು ಎಂದಳು ಅಕ್ಕ.

ಅವನು ಸಾಮಾನು ತರಲು ಒಳಗೆ ಹೋದ. ಸೈಕಲ್ಲಿನ ಚೈನು ಏರಿಸುವಷ್ಟು ಯಂತ್ರಶಾಸ್ತ್ರದಲ್ಲಿ ಪಾರಂಗತನಾದ ನಾನು, ನೀರೆಷ್ಟಿದೆ ನೋಡೋಣವೆಂದು ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಎಂಜಿನ್ ಇನ್ನೂ ಕಾದಿತ್ತು.

"ಮುಟ್ಟಬೇಡ ಮಾರಾಯಾ!" ಎಂದು ಕೂಗಿದ ಅಕ್ಕ ನನ್ನ ಕಾಲರು ಹಿಡಿದೆಳೆದಳು. ನನ್ನ ಮುಖವಿದ್ದ ಜಾಗದಲ್ಲಿ ಕುದಿನೀರು ಭುಸ್ಸೆಂದು ಚಿಮ್ಮಿತು. ನಾನು ಪಾರಾದೆ, ಅವಳ ಮುಂಗೈ ಬೆಂದಿತು.

ನಲ್ಲಿಯ ಕೆಳಗೆ ಕೈಯೊಡ್ಡಿ ಹಲ್ಲುಕಚ್ಚಿ ನಿಂತಿದ್ದವಳಿಗೆ, "ಈ ಹೀಟರಿನ ಸಹವಾಸ ಬೇಡ ಅಕ್ಕ, ತೆಗೆಸಿಬಿಡು," ಎಂದೆ.

"ಸುಟ್ಟದ್ದು ಹೀಟರಲ್ಲ, ನೀನು. ನಿನ್ನನ್ನು ರಿಪೇರಿ ಮಾಡಿಸ್ಲಿಕ್ಕೆ ಆಗುದಿಲ್ಲ; ಅದನ್ನು ಮಾಡಿಸ್ಲಿಕ್ಕೆ ಆಗ್ತದೆ," ಎಂದಳು.

ಮರುದಿನ, ಎಂಜಿನ್ ಪೂರ್ತಿ ತಣಿದ ಮೇಲೆ ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಹೀಟರ್ ಕೂರಿಸಿದ. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ಎದುರಿಗೇ ಕುಳಿತಿದ್ದಳು. ನನಗೆ ಗಾಡಿಯಿಂದ ದೂರ ನಿಲ್ಲುವ ಜವಾಬ್ದಾರಿ ವಹಿಸಲಾಗಿತ್ತು.

ಕೈಯ ಸುಟ್ಟಗಾಯ ಮಾಯ್ದ ಮೇಲೆ, ಜಡಿಮಳೆಯ ಒಂದು ಬೆಳಿಗ್ಗೆ, ಊಟದ ಡಬ್ಬಗಳೊಂದಿಗೆ ಕೋಪರಖೈರಣೆಯ ಕಚೇರಿಗಳಿಗೆ ಹೊರಟೆವು. ಹೀಟರ್ ಉಸಿರಾಡಿತು. ಗಾಜು ತಳದಿಂದ ಮೇಲಕ್ಕೆ ಮೆಲ್ಲನೆ ತಿಳಿಯಾಯಿತು. ಕ್ಯಾಬಿನ್ನು ಇಡ್ಲಿ ಪಾತ್ರೆಯಾಗಿ ನಾನು ಒಳಗೆ ಬೇಯತೊಡಗಿದೆ. ಮುಂದೆ ಒಂದೇ ಕೊಡೆಯಡಿ ತಾಯಿ ಮಗಳು ರಸ್ತೆಗಿಳಿದರು. ಅಕ್ಕ ಬಹಳ ಹಿಂದೆಯೇ ಗಾಡಿ ನಿಲ್ಲಿಸಿ, ದಾಟಿರೆಂದು ಕೈಬೀಸಿದಳು.

"ಕಿಟಕಿ ತೆಗೆಯಲಾ?" ಎಂದೆ, ಮುಖ ಒರೆಸುತ್ತ.

"ಬೇಡ. ಬೆವರಿದ್ರೆ ಬೆವರು. ಜನ ಕಾಣ್ತಾರಲ್ಲ."