ಸಾಲಿನ ಮೊದಲ ಗಿಡ

ಸೌದಿಯ ಹಾಯಿಲ್‌ನ ಆ ಹಸಿರುಮನೆಯಲ್ಲಿ ಟೊಮೆಟೊ ಎಲೆಯ ವಾಸನೆ ಬೆರಳಿಗೆ ಹತ್ತಿದರೆ ಸಾಬೂನಿಗೂ ಬಿಡುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ಮೊದಲು ಹಸಿರು, ಸಂಜೆಗೆ ಕಪ್ಪು. ಈಗ ರಿಯಾದಿನ ಒಲಾಯಾ ಬಡಾವಣೆಯಲ್ಲಿ ಕಚೇರಿ ಕೆಲಸ, ತೋಟದ ಯಂತ್ರಗಳ ಬಗ್ಗೆ ವರದಿ ಬರೆಯುವುದು. ಕೆಲವೊಮ್ಮೆ ಸುಮ್ಮನೆ ಕೂತಿರುವಾಗ ಆ ವಾಸನೆ ಬರುತ್ತದೆ. ಬಂದಂತೆ ನನಗೆ ಅನಿಸುತ್ತದೆ ಎಂದು ಬರೆಯುವುದೇ ಸರಿ, ಯಾಕೆಂದರೆ ನನ್ನ ನೆನಪಿನ ಮೇಲೆ ನನಗೀಗ ಮೊದಲಿನ ನಂಬಿಕೆ ಇಲ್ಲ.

ನಾನು ಧಾರವಾಡದಲ್ಲಿ ಕೃಷಿ ವಿಜ್ಞಾನ ಓದಿ ಅಲ್ಲಿಗೆ ಮೇಲ್ವಿಚಾರಕನಾಗಿ ಹೋದವನು. ಕೊಯ್ಲಿನವರಲ್ಲಿ ಹಿರಿಯರು ಬಂಟ್ವಾಳದ ಕಡೆಯ ಒಬ್ಬರು ಬ್ಯಾರಿ. ಎಲ್ಲರಿಗೂ ಅವರು ಕಾಕ. ನನ್ನ ಮನೆಮಾತು ಭಟ್ಕಳದ ನವಾಯತಿ, ಅವರದು ಬ್ಯಾರಿ ಭಾಷೆ, ಹಾಗಾಗಿ ನಮ್ಮಿಬ್ಬರಿಗೂ ಒದಗಿದ್ದು ಕನ್ನಡ.

"ನಿನ್ನದು ಪುಸ್ತಕದ ಕನ್ನಡ ಮಾರಾಯ, ಗಿಡಕ್ಕೆ ಅರ್ಥ ಆಗುದಿಲ್ಲ" ಎಂದು ಕಾಕ ನಗುತ್ತಿದ್ದರು.

ಚಳಿಗಾಲದ ಬೆಳಿಗ್ಗೆ ಹಾಯಿಲ್‌ನಲ್ಲಿ ಕರಾವಳಿಯವರ ಹಲ್ಲು ಕಟಕಟ ಎನ್ನುತ್ತದೆ. ಹಸಿರುಮನೆಯ ಬಾಗಿಲು ತೆರೆದರೆ ಒಳಗಿನ ಬೆಚ್ಚನೆಯ ಹಬೆ ಮುಖಕ್ಕೆ ಬಡಿದು ಕನ್ನಡಕ ಮಂಜಾಗುತ್ತಿತ್ತು. ಕಾಕ ಹಾಲಿಲ್ಲದ ಸುಲೈಮಾನಿ ಚಹಾದ ಲೋಟವನ್ನು ಪೈಪಿನ ಮೇಲಿಟ್ಟು, ಬಿಸ್ಮಿಲ್ಲಾ ಎಂದು ಕತ್ತರಿ ತೆಗೆದುಕೊಂಡು ಸಾಲಿನ ಎರಡನೆಯ ಗಿಡದಿಂದ ಶುರು ಮಾಡುತ್ತಿದ್ದರು.

ಯಾವ ಸಾಲಿನಲ್ಲೂ ಮೊದಲ ಗಿಡವನ್ನು ಅವರು ಕೊಯ್ಯುತ್ತಿರಲಿಲ್ಲ. ಬಾಗಿಲ ಕಡೆಯ ಆ ಗಿಡದ ಹಣ್ಣು ಪೆಟ್ಟಿಗೆಗೆ ಹೋಗದೆ ಬಳ್ಳಿಯಲ್ಲೇ ಕೆಂಪಾಗಬೇಕು. ಗುಡಿಸುವವರು, ನೀರಿನ ಟ್ಯಾಂಕರಿನವರು, ಯಾರು ಬೇಕಾದರೂ ಕಿತ್ತು ಅಂಗಿಗೆ ಒರೆಸಿ ತಿನ್ನಬಹುದು. ನಮ್ಮ ವೀಸಾಕ್ಕೆ ಜಾಮೀನಾಗಿದ್ದ ತೋಟದ ಒಡೆಯ, ಮುದುಕ ಕಫೀಲ್ ಕಾಲದಿಂದ ನಡೆದು ಬಂದ ಕ್ರಮ ಅದು. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. "ಕೇಳಿ ತಗೊಂಡ್ರೆ ಅದು ಬೇಡಿದ ಹಾಗೆ" ಎನ್ನುತ್ತಿದ್ದರು ಕಾಕ. ನಾನು ಆಗ ಅದನ್ನು ಇಳುವರಿಯ ಸೋರಿಕೆ ಎಂದು ಟಿಪ್ಪಣಿ ಮಾಡಿದ್ದೆ. ಓದಿದವರ ಬುದ್ಧಿ.

ಮುದುಕ ತೀರಿಕೊಂಡ ಮೇಲೆ ಮಗ ಕೊಯ್ಲಿನ ರೋಬೊಟ್ ತರಿಸಿದ. ಒಂದು ಇಡೀ ಬೆಳೆಯ ಕಾಲ ಕಾಕನ ತಲೆಯ ಮೇಲೆ ಕ್ಯಾಮೆರಾ. ಅವರ ಕೈ ನೋಡಿಯೇ ಅದು ಕಲಿಯಬೇಕಿತ್ತು. ಕಲಿತು, ತಾನೇ ಸಾಲಿಗಿಳಿದ ದಿನ ಮೊದಲ ಗಿಡವನ್ನು ಬಿಟ್ಟು ಎರಡನೆಯದಕ್ಕೆ ಕೈ ಚಾಚಿತು. ಎಲ್ಲ ಸಾಲಿನಲ್ಲೂ ಹಾಗೆಯೇ. ಕಾಕ ಚಪ್ಪಾಳೆ ತಟ್ಟಿ ನಕ್ಕರು. "ನೋಡು ವಿಜ್ಞಾನಿ, ನಿನಗಿಂತ ಇದಕ್ಕೆ ಬೇಗ ಬುದ್ಧಿ ಬಂತು!"

ಯಂತ್ರಕ್ಕೆ ದಾನ ಗೊತ್ತಿಲ್ಲ. ಅದು ಕಂಡದ್ದನ್ನು ಮಾಡಿತು, ಅಷ್ಟೆ. ಆದರೆ ಅದು ಬಿಟ್ಟ ಹಣ್ಣುಗಳ ಪಟ್ಟಿ ನನ್ನ ಪರದೆಗೆ ಬಂತು. ಒಂದೊಂದರ ಮುಂದೆಯೂ 'ತಪ್ಪು' ಅಥವಾ 'ಸರಿ' ಎಂದು ನಾನು ಗುರುತು ಹಾಕಬೇಕು. ಬಿಟ್ಟದ್ದು ತಪ್ಪು ಎಂದರೆ ಯಂತ್ರ ತಿದ್ದಿಕೊಂಡು ಮುಂದೆ ಅದನ್ನೂ ಕೊಯ್ಯುತ್ತದೆ.

ಕಾಕನನ್ನು ಊರಿಗೆ ಕಳಿಸುವುದು ಅಷ್ಟರಲ್ಲಿ ಖಚಿತವಾಗಿತ್ತು. ಅವರು ನನ್ನ ಮೇಜಿನ ಬಳಿ ಬಂದು ನಿಂತು ಹೇಳಿದರು: "ನನ್ನನ್ನು ಕಳಿಸ್ಲಿ, ತೊಂದ್ರೆ ಇಲ್ಲ. ಆ ಗಿಡ ಮಾತ್ರ ಕೊಯ್ಸ್ಬೇಡ."

ಆಗಲಿ ಕಾಕ, ಎಂದೆ. ಈ ಮಾತು ಮಾತ್ರ ನನಗೆ ನಿಚ್ಚಳವಾಗಿ ನೆನಪಿದೆ.

ಮುಂದಿನ ವರ್ಷಗಳಲ್ಲಿ ರಿಯಾದಿನ ಗೆಳೆಯರ ನಡುವೆ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ರೋಬೊಟ್ ಧರ್ಮ ಕಲಿಯಿತು, ನಾನು ಅದನ್ನು ತಿದ್ದಲಿಲ್ಲ ಎಂದು. ಕಳೆದ ತಿಂಗಳು ಒಂದು ವರದಿಗಾಗಿ ಆ ತೋಟದ ಹಳೆಯ ಕಡತ ತೆರೆದೆ. ನನ್ನದೇ ಲಾಗಿನ್. ಮೊದಲ ಗಿಡಗಳ ಮುಂದೆ ಸಾಲು ಸಾಲಾಗಿ 'ತಪ್ಪು', 'ತಪ್ಪು', 'ತಪ್ಪು'. ಅದೂ ಕಾಕ ಹೊರಡುವುದಕ್ಕೆ ಮೂರು ವಾರ ಮೊದಲೇ.

ಯಾರಾದರೂ ಒತ್ತಾಯ ಮಾಡಿದ್ದರೇ? ನೆನಪಾಗಲಿಲ್ಲ. ಒಮ್ಮೆಯಾದರೂ ಯೋಚಿಸಿದ್ದೆನೇ? ಅದೂ ಇಲ್ಲ. ಪಟ್ಟಿ ಉದ್ದವಿತ್ತು, ಬೇಗ ಮುಗಿಸಿದ್ದಿರಬೇಕು.

ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಕಾಕನಿಗೆ ಫೋನ್ ಮಾಡಿದೆ. ಸಲಾಂ, ಮಂಡಿನೋವು, ಮೊಮ್ಮಕ್ಕಳು ಎಲ್ಲ ಆದ ಮೇಲೆ ವಿಷಯಕ್ಕೆ ಬಂದೆ.

"ಕಾಕ, ಆ ಮೊದಲ ಗಿಡ... ನಾನೇ ಕೊಯ್ಯಿಸಿದ್ದು."

"ಗೊತ್ತುಂಟು ಮಾರಾಯ. ಯಂತ್ರ ಅದನ್ನು ಕೊಯ್ಯುದನ್ನು ನಾನೇ ನೋಡಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎಂತ ಹೇಳುದು? ಅಲ್ಲಿ ಇರ್ಲಿಕ್ಕೆ ಬೇಕಾದ ನಿನ್ನ ಇಕಾಮಾ ಸಹ ಆ ಮುದುಕನ ಮಗನ ಕೈಯಲ್ಲೇ ಇತ್ತಲ್ಲ." ಕಾಕ ಮುಂದುವರಿಸಿದರು. "ಮರುದಿನ ಯಂತ್ರ ಏಳುವ ಮೊದಲು ನಾನೇ ನಾಲ್ಕು ಗೊಂಚಲು ಕೊಯ್ದು ಬಾಲ್ದಿಯಲ್ಲಿ ಬಾಗಿಲ ಹತ್ರ ಇಟ್ಟೆ. ಒಬ್ಬನೂ ಮುಟ್ಲಿಲ್ಲ. ಗಿಡದಲ್ಲಿ ಇದ್ದಾಗ ಯಾರದ್ದೂ ಅಲ್ಲ. ಬಾಲ್ದಿಗೆ ಬಿದ್ದ ಕೂಡ್ಲೆ ಯಾರದ್ದೋ ಆಯ್ತು. ಹೆದರಿದ್ರು, ಪಾಪ."

ಎಂಟು ವರ್ಷ ಓದಿದ ನನಗೆ ಯಾವ ಪಾಠದಲ್ಲೂ ಸಿಗದ ವ್ಯತ್ಯಾಸ ಅದು.

"ಮಾಫ್ ಮಾಡಿ ಕಾಕ."

"ನನ್ನತ್ರ ಎಂತಕ್ಕೆ? ನಾನು ಒಂದು ಹಣ್ಣೂ ತಿಂದವ ಅಲ್ಲ. ನನಗೆ ಟೊಮೆಟೊ ಆಗುದಿಲ್ಲ, ಗ್ಯಾಸ್ಟ್ರಿಕ್." ಜೋರಾಗಿ ನಕ್ಕರು. "ತಿಂದವರತ್ರ ಕೇಳು."

"ಅವರೆಲ್ಲ ಈಗ ಎಲ್ಲಿದ್ದಾರೋ ಏನೋ."

"ಗುಡಿಸುವ ಬಂಗಾಳಿ ಇದ್ದನಲ್ಲ, ಕಿವಿ ಸ್ವಲ್ಪ ಮಂದ? ಅವ ಹಫ್ರ್ ಅಲ್ ಬಾತಿನ್‌ನಲ್ಲಿ ಇದ್ದಾನೆ. ಈದ್‌ಗೆ ಸಲಾಂ ಹೇಳ್ತಾನೆ. ನಂಬರ್ ಕೊಡ್ತೇನೆ, ಬರ್ಕೊ."

ಅವನ ಮುಖ ತಂದುಕೊಳ್ಳಲು ನೋಡಿದೆ. ಬರಲಿಲ್ಲ. ದಿನಾ ನನ್ನ ಮೇಜಿನ ಕೆಳಗೆ ಗುಡಿಸಿದವನು.

"ಹೇಳಿ ಕಾಕ" ಎಂದು ಪೆನ್ನು ತೆಗೆದುಕೊಂಡೆ. ಅವರು ಒಂದೊಂದೇ ಅಂಕಿ ಹೇಳಿದರು. ಬರೆದುಕೊಂಡು, ತಿರುಗಿ ಓದಿ ಹೇಳಿದೆ. ಒಂದು ತಪ್ಪಿತ್ತು. ಕಾಕ ತಿದ್ದಿದರು.